ನೀರು ಇಳಿದ ಮೇಲೆ ಹೇಳ್ತೀವಿ

ಹಾತ್‌ತೂಮ್ ಊರಿನ ಸೆಂಗ್ಲಾ ಹೊಳೆಗಿಳಿಯುವುದನ್ನು ಬಿಟ್ಟು ಕೆಲವು ವರ್ಷಗಳಾದವು. ಯಾರಾದರೂ ಕೇಳಿದರೆ ಮೊಣಕಾಲು ನೋವು ಎನ್ನುತ್ತಾಳೆ. ಹೊಸಬರಾದರೆ ಅಯ್ಯೋ ಪಾಪ ಎನ್ನುತ್ತಾರೆ, ಊರಿನವರಾದರೆ ಮಾತು ಬದಲಿಸುತ್ತಾರೆ. ಆ ಮೊಣಕಾಲಿನ ಮೇಲೆ ಒಂದು ಕಾಲಕ್ಕೆ ಇಡೀ ಊರು ನಂಬಿಕೆ ಇಟ್ಟಿತ್ತು. ಅದಕ್ಕೆ ಯಾವತ್ತೂ ಏನೂ ಆಗಿರಲಿಲ್ಲ.

ಅವಳು ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಕಥೆ ಕೇಳುತ್ತಾ ಹೋದಂತೆ ಅವಳ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಬಹುದು. ನಮಗೂ ಅನ್ನಿಸಿತ್ತು. ಆಮೇಲೆ ಅವಳ ಜಾಗದಲ್ಲಿ ನಮ್ಮನ್ನು ನಿಲ್ಲಿಸಿಕೊಂಡು ನೋಡಿದೆವು, ಕೈ ತಾನೇ ಕೆಳಗಿಳಿಯಿತು.

ಮೆಕಾಂಗ್ ಹೊಳೆಯ ಈ ದಡದಲ್ಲಿ ಥಾಯ್ಲೆಂಡಿನ ಹಾತ್‌ತೂಮ್, ಆ ದಡದಲ್ಲಿ ಲಾವೋಸಿನ ದೊನ್‌ಫೈ. ಅಲ್ಲಿ ಕೋಳಿ ಕೂಗಿದರೆ ಇಲ್ಲಿ ಎಚ್ಚರವಾಗುತ್ತದೆ. ಮಾತು ಒಂದೇ, ಅಂಟಕ್ಕಿಯ ಅನ್ನ ಒಂದೇ, ಹೆಣ್ಣು ಕೊಟ್ಟು ತಂದ ನೆಂಟಸ್ತಿಕೆಯೂ ಒಂದೇ. ಸೆಂಗ್ಲಾ ಇನ್ನೂ ಹುಡುಗಿಯಾಗಿದ್ದಾಗ ಹಿರಿಯರು ಅವಳನ್ನೂ ದೊನ್‌ಫೈನ ಬುನ್ಮಾಳನ್ನೂ ಎದುರುಬದುರು ಕೂರಿಸಿ, ಇಬ್ಬರ ಮಣಿಕಟ್ಟಿಗೂ ಬಿಳಿ ನೂಲು ಕಟ್ಟಿ ಸಿಯಾವ್ ಮಾಡಿದರು. ಸಿಯಾವ್ ಎಂದರೆ ಬರಿಯ ಗೆಳೆತನವಲ್ಲ. ಒಂದೇ ವರ್ಷ ಹುಟ್ಟಿದ, ನೋಡುವುದಕ್ಕೆ ಒಬ್ಬರನ್ನೊಬ್ಬರು ಹೋಲುವ ಇಬ್ಬರನ್ನು ಹುಡುಕಿ, ಊರೇ ಮುಂದೆ ನಿಂತು ಹಾಕುವ ಗಂಟು ಅದು. ಗಂಡ ಸರಿಯಿಲ್ಲದಿದ್ದರೆ ಬಿಟ್ಟು ತವರಿಗೆ ಬರಬಹುದು. ಸಿಯಾವ್ ಬಿಟ್ಟವಳಿಗೆ ತವರಿನಲ್ಲೂ ಯಾರೂ ಚಾಪೆ ಹಾಸುವುದಿಲ್ಲ.

ಹೊಳೆಯ ನಡುವೆ ಒಂದು ಬಂಡೆಸಾಲು ಇದೆ. ಮಳೆಗಾಲದಲ್ಲಿ ಮುಳುಗಿರುತ್ತದೆ, ಚಳಿ ಬಂದು ನೀರು ತಿಳಿಯಾಗಿ ಇಳಿದಾಗ ಮೇಲೇಳುತ್ತದೆ. ನಾವು ಅದನ್ನು ನಡುದಿಣ್ಣೆ ಅನ್ನುತ್ತೇವೆ. ಅದರ ಕಲ್ಲುಗಳ ಮೇಲೆ ಹಸಿರು ಕೂದಲಿನಂತೆ ಹೊಳೆಪಾಚಿ ಬೆಳೆಯುತ್ತದೆ. ಎರಡೂ ದಡದ ಹೆಂಗಸರು ಸೊಂಟದ ನೀರಿಗಿಳಿದು ಅದನ್ನು ಎಳೆದು, ತೊಳೆದು, ಬೆಳ್ಳುಳ್ಳಿ ಎಳ್ಳು ಹಾಕಿ ಹಪ್ಪಳದ ಹಾಗೆ ತಟ್ಟಿ ಒಣಗಿಸುತ್ತಾರೆ. ಮೀನು ಗಂಡಸರದ್ದು, ಪಾಚಿ ಹೆಂಗಸರದ್ದು. ಮೀನಿನ ವಿಷಯಕ್ಕೆ ಗಂಡಸರು ಹೊಡೆದಾಡಿ ತಲೆ ಒಡೆದುಕೊಂಡದ್ದುಂಟು. ಪಾಚಿಯ ವಿಷಯಕ್ಕೆ ಹೆಂಗಸರು ಜಗಳವಾಡಿದ್ದನ್ನು ಯಾರೂ ಕೇಳಿಲ್ಲ, ಏಕೆಂದರೆ ಅವರಿಗೆ ಎರಡು ಕಟ್ಟಳೆಗಳಿದ್ದವು. ಮೊದಲನೆಯದು, ಇನ್ನೊಂದು ದಡದವರು ಬರುವ ತನಕ ಯಾರೂ ಪಾಚಿಗೆ ಕೈ ಹಾಕಬಾರದು, ಎಷ್ಟು ಹೊತ್ತಾದರೂ ಕಾಯಬೇಕು. ಎರಡನೆಯದು, ಹೊಳೆಯ ವಿಷಯವನ್ನು ಹೊರಗಿನವರು ಕೇಳಿದರೆ ಒಂದೇ ದಡದವರು ಉತ್ತರ ಕೊಡಬಾರದು. ನಡುದಿಣ್ಣೆಯ ಮೇಲೆ ಎರಡೂ ಊರು ಸೇರಿದಾಗ ಮಾತಾಡಿ ಒಂದೇ ಉತ್ತರ ಕೊಡಬೇಕು. ಅಲ್ಲಿಯ ತನಕ ಹೇಳಬೇಕಾದ ಮಾತು ಒಂದೇ: “ನೀರು ಇಳಿದ ಮೇಲೆ ಹೇಳ್ತೀವಿ.”

ಈ ಮಾತಿಗೆ ಎಷ್ಟು ಅಧಿಕಾರಿಗಳು ತಲೆ ಚಚ್ಚಿಕೊಂಡರೋ. ಮೇಲಿನ ಚೀನಾದಿಂದ ದೊಡ್ಡ ಹಡಗುಗಳು ಇಳಿದು ಬರಬೇಕು, ಅದಕ್ಕೆ ನಡುದಿಣ್ಣೆಯನ್ನು ಸಿಡಿಸಬೇಕು ಎಂಬ ಯೋಜನೆ ಹಳೆಯದು. ಅಳೆಯುವವರು ಬಂದು ಈ ದಡದಲ್ಲಿ ಕೇಳಿದರೆ ನೀರು ಇಳಿದ ಮೇಲೆ, ಆ ದಡದಲ್ಲಿ ಕೇಳಿದರೆ ನೀರು ಇಳಿದ ಮೇಲೆ. ನೀರು ಇಳಿದ ಮೇಲೆ ಬಂದು ಕೇಳಿದರೆ ಎರಡೂ ಊರಿನ ಹೆಂಗಸರು ಬಂಡೆಯ ಮೇಲೆ ಸಾಲಾಗಿ ನಿಂತು ಬೇಡ ಅನ್ನುತ್ತಿದ್ದರು. ಸಿಡಿಸಬೇಕಾದ ಬಂಡೆಯ ಮೇಲೇ ನಿಂತು ಬೇಡ ಅಂದರೆ ಏನು ಮಾಡುತ್ತಾರೆ? ಕಾಗದ ಮಡಚಿಕೊಂಡು ಹೋಗುತ್ತಿದ್ದರು.

ಲಾವೋಸಿನಲ್ಲಿ ರಾಜನ ಆಳ್ವಿಕೆ ಹೋಗಿ ಹೊಸ ಸರ್ಕಾರ ಬಂದಾಗ ಗಡಿ ಮುಚ್ಚಿತು. ಎರಡೂ ದಡದಲ್ಲಿ ಬಂದೂಕು ಹಿಡಿದವರು ಬಂದು ಕೂತರು. ಆಗ ಸೆಂಗ್ಲಾ ಹದಿಹರೆಯದವಳು. ಆ ಚಳಿಗಾಲದಲ್ಲೂ ಹೆಂಗಸರು ದಿಣ್ಣೆಗೆ ಹೋದರು. ಈ ಕಡೆಯ ಸಿಪಾಯಿ ಗದರಿಸಿದ್ದಕ್ಕೆ ಸೆಂಗ್ಲಾಳ ಅಜ್ಜಿ, “ಗುಂಡು ಹೊಡೀತೀಯೇನಪ್ಪಾ? ಹೊಡಿ. ಸಾಯಂಕಾಲ ನಿಂಗೆ ಪಾಚಿ ಹುರಿದು ಕೊಡೋರು ಯಾರು ಅಂತ ಮಾತ್ರ ಯೋಚನೆ ಮಾಡ್ಕೋ” ಅಂದಳಂತೆ. ಸಿಪಾಯಿ ಬೆನ್ನು ತಿರುಗಿಸಿ ಕೂತ. ಆ ಕಡೆಯವನೂ ಹಾಗೇ ಮಾಡಿದ. ಬುನ್ಮಾ ದಿಣ್ಣೆಯ ಮೇಲೆ ಕಾಯುತ್ತಾ ಕೂತಿದ್ದಳು, ಸೆಂಗ್ಲಾ ಬಂದ ಮೇಲೇ ನೀರಿಗಿಳಿದಳು. ಬಂದೂಕಿಗೆ ಬಗ್ಗದ ಕಟ್ಟಳೆ ಅದು. ಬಗ್ಗಿದ್ದು ಒಂದು ಒಳ್ಳೆಯ ಮಾತಿಗೆ.

ಸೆಂಗ್ಲಾ ಮೀನುಗಾರ ಮೂನ್ತಾನನ್ನು ಮದುವೆಯಾದಳು. ಮೂನ್ತಾ ಬಾಯಿ ತೆರೆದರೆ ಆಕಳಿಸುವುದಕ್ಕೆ, ಮಾತಾಡುವುದಕ್ಕಲ್ಲ. ಹಾಗಾಗಿ ಮನೆಯಲ್ಲಿ ಮಾತಿನ ಪಾಲೆಲ್ಲ ಅವಳದೇ ಆಯಿತು. ಅಜ್ಜಿಯ ನಾಲಿಗೆ ಮೊಮ್ಮಗಳಿಗೆ ಬಂದಿತ್ತು. ಪಾಚಿ ಹೆಂಗಸರಿಗೆ ಅವಳೇ ಮುಂದಾಳು. ಪಟ್ಟಣದ ಸಭೆಗಳಲ್ಲಿ ಮೈಕಿನ ಮುಂದೆ ಹೆದರದೆ ನಿಲ್ಲುತ್ತಿದ್ದಳು. ಆ ದಡದಲ್ಲಿ ಬುನ್ಮಾ ಮುಂದಾಳು, ಆದರೆ ಅವಳಿಗೆ ಮೈಕು ಆಗಿಬರುತ್ತಿರಲಿಲ್ಲ. “ನೀನು ಮಾತಾಡೇ, ನಾನು ಹಿಂದೆ ನಿಂತು ಮುಖ ಗಂಟಿಕ್ಕಿಕೊಂಡಿರ್ತೀನಿ” ಅನ್ನುತ್ತಿದ್ದಳು. ಬುನ್ಮಾ ಮುಖ ಗಂಟಿಕ್ಕಿದರೆ ಜಿಲ್ಲಾಧಿಕಾರಿಯೂ ಕುರ್ಚಿಯಲ್ಲಿ ಸರಿಯಾಗಿ ಕೂರುತ್ತಿದ್ದ.

ಈ ನಡುವೆ ಚೀನಾ ಮೇಲೆ ಅಣೆಕಟ್ಟುಗಳನ್ನು ಕಟ್ಟಿತು. ಮೊದಲು ಹೊಳೆಗೆ ಋತು ಗೊತ್ತಿತ್ತು. ಈಗ ಯಾವುದೋ ಊರಿನ ದೀಪ ಹೊತ್ತಬೇಕೆಂದರೆ ಚಳಿಗಾಲದಲ್ಲೇ ನೀರು ಏರುತ್ತದೆ, ಬೇಡವೆಂದರೆ ಮಳೆಗಾಲದಲ್ಲೇ ಇಳಿಯುತ್ತದೆ. ಪಾಚಿ ಕೊಚ್ಚಿಹೋಗುತ್ತದೆ, ದಿಣ್ಣೆಯ ಮೇಲಿದ್ದವರು ಬುಟ್ಟಿ ಬಿಟ್ಟು ದೋಣಿಗೆ ಓಡಬೇಕಾಗುತ್ತದೆ. ಕೆಳಗಿನ ನಾಲ್ಕು ದೇಶಗಳು ಸೇರಿ ಕೂರುವ ಸಭೆಯೊಂದಿದೆ, ಅಲ್ಲಿ ಕೇಳಿ ಅಂದರು. ಮೇಲಿನ ದೊಡ್ಡವರು ಆ ಸಭೆಗೆ ಪೂರ್ತಿ ಸೇರಿಲ್ಲ. ಅವರು ಒಬ್ಬೊಬ್ಬರನ್ನೇ ಬೇರೆ ಬೇರೆ ಕೋಣೆಗೆ ಕರೆದು, ನಿಮ್ಮದೇನು ಹೇಳಿ ಎಂದು ಉಪಚಾರವಾಗಿ ಕೇಳುವವರು. ಉಪಚಾರದಲ್ಲಿ ಕೊರತೆ ಮಾಡುವವರಲ್ಲ. ರಾಜಧಾನಿಗಳಲ್ಲಿ ಹೀಗೆಲ್ಲ ನಡೆಯುತ್ತದೆ ಎಂದು ಕೇಳಿ ನಾವು ನಗುತ್ತಿದ್ದೆವು. ಹೊರಗೆ ಒಬ್ಬರ ಕೈ ಒಬ್ಬರು ಹಿಡಿದು ಫೋಟೋ ತೆಗೆಸಿಕೊಂಡವರು ಒಳಗೆ ಒಬ್ಬೊಬ್ಬರೇ ಹೋಗಿ ತಮ್ಮ ತಮ್ಮ ಬುಟ್ಟಿ ತುಂಬಿಸಿಕೊಂಡು ಬರುತ್ತಾರಲ್ಲ, ಎಂಥ ಜನ ಎಂದು. ಆ ಕೋಣೆ ನಮ್ಮೂರಿನಲ್ಲೂ ಒಂದು ಇದೆ ಎಂದು ಆಗ ಗೊತ್ತಿರಲಿಲ್ಲ.

ಒಂದು ಮಳೆಗಾಲದಲ್ಲಿ, ದಿಣ್ಣೆ ಪೂರ್ತಿ ಮುಳುಗಿದ್ದಾಗ, ಚೀನಾದ ಕಡೆಯಿಂದ ಒಂದು ತಂಡ ಹಾತ್‌ತೂಮ್‌ಗೆ ಬಂತು. ಜೊತೆಯಲ್ಲಿ ಯುನಾ ಎಂಬ ಅಧಿಕಾರಿಣಿ ಇದ್ದಳು. ಮೂವತ್ತೈದರ ಆಸುಪಾಸಿನವಳು, ಸರಳವಾದ ಉದ್ದ ಲಂಗ, ಕೂದಲಲ್ಲಿ ಒಂದು ಹೂವು. ಅವಳು ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟು, ಕೈ ಜೋಡಿಸಿ, “ಚಿಕ್ಕಮ್ಮಾ, ಊಟ ಆಯ್ತಾ?” ಎಂದು ಕೇಳಿದಾಗ ಸೆಂಗ್ಲಾಳ ಕೈಯಲ್ಲಿದ್ದ ಬಟ್ಟಲು ಹಾಗೇ ನಿಂತಿತು. ಬ್ಯಾಂಕಾಕಿನ ಅಧಿಕಾರಿಗಳು ಮಾತಾಡುವ ಒಣ ಭಾಷೆಯಲ್ಲ ಅದು. ನಮ್ಮ ಮಾತು, ನಮ್ಮ ಅಜ್ಜಿಯರ ಮಾತು. ಚೀನಾದೊಳಗೂ ನಮ್ಮ ಬಳಗದವರಿದ್ದಾರೆ, ಜಿಂಗ್‌ಹೊಂಗ್ ಪಟ್ಟಣದ ಕಡೆ. ಯುನಾ ಅಲ್ಲಿಯವಳು.

“ನಮ್ಮಲ್ಲೂ ಪಾಚಿ ತಿಂತೀವಿ ಚಿಕ್ಕಮ್ಮಾ. ನಮ್ಮಮ್ಮ ಎಳ್ಳು ಜಾಸ್ತಿ ಹಾಕ್ತಾಳೆ.”

“ಎಳ್ಳು ಜಾಸ್ತಿ ಹಾಕಿದ್ರೆ ಪಾಚಿ ರುಚಿ ಎಲ್ಲಿ ಉಳಿಯುತ್ತೆ?” ಸೆಂಗ್ಲಾ ಅಂದಳು.

“ಅದನ್ನೇ ನಾನೂ ಹೇಳೋದು. ಅಮ್ಮ ಕೇಳ್ಬೇಕಲ್ಲ.”

ಮುಗಿಯಿತು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಹಗುರಾಗಿ ಯುನಾ ಆ ಮನೆಯೊಳಗೆ ಬಂದಳು. ಸೆಂಗ್ಲಾಳನ್ನು ಮಾತ್ರ ಜಿಂಗ್‌ಹೊಂಗಿಗೆ ಕರೆದುಕೊಂಡು ಹೋದಳು, ಹೊಳೆಯ ಮಕ್ಕಳ ಸ್ನೇಹಕೂಟವಂತೆ. ಅಲ್ಲಿ ಸೆಂಗ್ಲಾಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು, ಅವಳ ಹೆಸರು ಬರೆದ ಹಲಗೆ ಇಟ್ಟರು, ಮುದುಕರು ಅವಳ ಮಣಿಕಟ್ಟಿಗೆ ನೂಲು ಕಟ್ಟಿ ಹರಸಿದರು. ನಮ್ಮದೇ ಸರ್ಕಾರ ಅರವತ್ತು ವರ್ಷದಲ್ಲಿ ಅವಳಿಗೆ ಒಂದು ಕುರ್ಚಿ ಕೊಟ್ಟಿರಲಿಲ್ಲ. ಹೆಂಗಸು ಕರಗಿದಳು. ಯಾರಾದರೂ ಕರಗುತ್ತಿದ್ದರು.

ಊಟಕ್ಕೆ ಕೂತಾಗ ಯುನಾ ಮೆಲ್ಲಗೆ ಕೇಳಿದಳು. “ಚಿಕ್ಕಮ್ಮಾ, ನಿಮ್ಮ ದಡಕ್ಕೆ ಏನು ಬೇಕು?”

“ನಮ್ಮಲ್ಲಿ ಹಾಗೆ ಹೇಳೋ ಪದ್ಧತಿ ಇಲ್ಲಮ್ಮಾ. ನೀರು ಇಳಿದ ಮೇಲೆ ಎರಡೂ ದಡದವರು ಸೇರಿ ಹೇಳ್ತೀವಿ.”

“ಬಂಡೆ ವಿಷಯ ನಾನು ಕೇಳ್ತಾ ಇಲ್ವಲ್ಲ. ಅದನ್ನ ನೀವು ಯಾವಾಗ ಬೇಕಾದ್ರೂ ಹೇಳಿ. ಆ ದಡದವರನ್ನ ಆ ದಡದಲ್ಲೇ ಕೇಳ್ತೀವಿ, ಅವರ ಸರ್ಕಾರದ ಮೂಲಕ. ನಿಮಗೆ, ನಿಮ್ಮ ಹೆಂಗಸರಿಗೆ ಏನಾದ್ರೂ ಅನುಕೂಲ ಆಗಬೇಕಾ ಅಂತ ಮಗಳ ಹಾಗೆ ಕೇಳ್ತಾ ಇದ್ದೀನಿ.”

ಮಗಳ ಹಾಗೆ ಕೇಳಿದ ಮೇಲೆ ತಾಯಿ ಏನು ಮಾಡಿಯಾಳು? ಸೆಂಗ್ಲಾ ಹೇಳಿದಳು. ಸೊತ್ತು ಕೇಳಲಿಲ್ಲ, ಸೂರು ಕೇಳಲಿಲ್ಲ. ನೀರು ಬಿಡುವ ಮುಂಚೆ ಒಂದು ಮಾತು ತಿಳಿಸಿ, ಪಾಚಿಗೆ ಹೋದ ಹೆಂಗಸರು ಪ್ರಾಣ ಕೈಯಲ್ಲಿ ಹಿಡಿದುಕೊಂಡು ಓಡುವುದು ತಪ್ಪುತ್ತದೆ, ಇಷ್ಟೇ ಕೇಳಿದಳು. ಯುನಾ ಒಪ್ಪಿದಳು. ನಾನೇ ಫೋನಿಗೆ ದನಿ ಮುದ್ರಿಸಿ ಕಳಿಸುತ್ತೇನೆ ಅಂದಳು. ಆಮೇಲೆ ಅನ್ನದ ಬುಟ್ಟಿಯನ್ನು ಇವಳ ಕಡೆ ಸರಿಸುತ್ತಾ, “ಇದು ನಮ್ಮಿಬ್ಬರಲ್ಲಿ ಇರಲಿ ಚಿಕ್ಕಮ್ಮಾ. ಆ ದಡ ಬೇರೆ ದೇಶ. ಅವರಿಗೆ ನಾನು ಹೇಳಿದೆ ಅಂತಾದ್ರೆ ನಂಗೆ ಮೇಲಿನವರಿಂದ ತೊಂದರೆ” ಅಂದಳು.

ಸೆಂಗ್ಲಾ ಹೂಂ ಅಂದಳು. ಆ ಒಂದು ಹೂಂ ಅವಳಿಗೆ ಈಗಲೂ ಗಂಟಲಲ್ಲಿ ಮೀನಿನ ಮುಳ್ಳು.

ಚಳಿಗಾಲ ಬಂತು, ಪಾಚಿ ಬಂತು. ಯುನಾ ಮಾತಿಗೆ ತಪ್ಪಲಿಲ್ಲ. “ಚಿಕ್ಕಮ್ಮಾ, ನಾಳೆ ನೀರು ಏರುತ್ತೆ, ಇಳಿಬೇಡಿ” ಎಂದು ಫೋನಿನಲ್ಲಿ ದನಿ ಬರುತ್ತಿತ್ತು, ಮಾರನೆಯ ದಿನ ನೀರು ಏರುತ್ತಿತ್ತು. ಸೆಂಗ್ಲಾ ತನ್ನ ಹೆಂಗಸರಿಗೆ ಹೇಗೆ ಹೇಳಬೇಕು? ಯಾರು ಹೇಳಿದರು ಎಂದರೆ ಜಿಂಗ್‌ಹೊಂಗಿನ ಮಾತು ಬಿಚ್ಚಬೇಕು, ಒಬ್ಬಳೇ ಕೂತು ಉತ್ತರ ಕೊಟ್ಟೆ ಎನ್ನಬೇಕು. ಅದಕ್ಕೇ ಮೊಣಕಾಲು ಹುಟ್ಟಿದ್ದು. “ಯಾಕೋ ಮೊಣಕಾಲು ಹಿಡ್ಕೊಂಡಿದೆ ಕಣ್ರೇ, ನೀರು ಬರೋ ಹಾಗಿದೆ” ಎಂದಳು. ನೀರು ಬಂತು. ಇನ್ನೊಮ್ಮೆ ಎಂದಳು, ಇನ್ನೊಮ್ಮೆ ಬಂತು. ಪಕ್ಕದ ಮನೆಯ ಪಿಂಪಾ, ಬಾಯಿಗೆ ಬೀಗವಿಲ್ಲದ ಹೆಂಗಸು, “ಸರ್ಕಾರದ ಹವಾಮಾನ ಕಚೇರಿಗೆ ಬೆಂಕಿ ಹಾಕ, ನಮ್ಮ ಸೆಂಗ್ಲಕ್ಕನ ಮೊಣಕಾಲು ಸಾಕು” ಎಂದು ಊರೆಲ್ಲ ಸಾರಿದಳು. ಬೆಳಗಾದರೆ ಹೆಂಗಸರು, “ಅಕ್ಕಾ, ಮೊಣಕಾಲು ಹೇಗಿದೆ?” ಎಂದು ಕೇಳಿಕೊಂಡೇ ಬುಟ್ಟಿ ಎತ್ತುತ್ತಿದ್ದರು.

ಬುನ್ಮಾಳಿಗೆ ಮಾತ್ರ ಬೇರೆ ನೆಪ. ಸಿಯಾವ್‌ಗೆ ಮೊಣಕಾಲಿನ ಸುಳ್ಳು ಹೇಳಿದರೆ ಅವಳು ಕಣ್ಣು ನೋಡಿಯೇ ಹಿಡಿಯುತ್ತಾಳೆ. ಇವತ್ತು ಮನೆಗೆ ನೆಂಟರು, ಇವತ್ತು ಮೂನ್ತಾನಿಗೆ ಜ್ವರ, ಇವತ್ತು ಬೇಡ ಕಣೇ, ನಾಳೆ ಬರೋಣ ಎಂದು ಫೋನು ಮಾಡುತ್ತಿದ್ದಳು. ಈ ದಡದವರು ಬಾರದೆ ಆ ದಡದವರು ಪಾಚಿಗೆ ಕೈ ಹಾಕುವಂತಿಲ್ಲವಲ್ಲ, ಅವರೂ ಮನೆಯಲ್ಲಿ ಉಳಿಯುತ್ತಿದ್ದರು. ಹಾಗೆ ಇಡೀ ಒಂದು ಚಳಿಗಾಲ ಎರಡೂ ದಡವನ್ನು ಅವಳು ಸುಳ್ಳಿನಲ್ಲೇ ಕಾಪಾಡಿದಳು. ತಾನು ಮಾಡುತ್ತಿರುವುದು ಒಳ್ಳೆಯದೇ ಎಂದು ನಂಬಿಕೊಂಡಳು. ಹೇಳಿಬಿಡೋಣ ಎಂದು ಬಾಯಿಯ ತನಕ ಬಂದದ್ದುಂಟು. ಮೊದಲನೇ ಸಲವೇ ಹೇಳಿದ್ದರೆ ನಾಲ್ಕು ಬೈಗುಳದಲ್ಲಿ ಮುಗಿಯುತ್ತಿತ್ತು. ಪ್ರತಿ ಸಲ ಮುಚ್ಚಿಟ್ಟಾಗಲೂ ಹೇಳುವುದು ಇನ್ನಷ್ಟು ಕಷ್ಟವಾಯಿತು.

ಮುಂದಿನ ವರ್ಷ ಪಾಚಿಯ ಮೊದಲ ದಿನ ಬಂತು. ಆ ದಿನ ಎರಡೂ ಊರಿನ ಹೆಂಗಸರು ದಿಣ್ಣೆಯ ಮೇಲೆ ಅನ್ನ, ಹೂವು, ಬೇಯಿಸಿದ ಕೋಳಿ ಇಟ್ಟು ಹೊಳೆಯಮ್ಮನಿಗೆ ಎಡೆ ಮಾಡುತ್ತಾರೆ. ವರ್ಷದ ಮಾತುಗಳನ್ನೂ ಅಲ್ಲೇ ಆಡುತ್ತಾರೆ. ಹಿಂದಿನ ಸಂಜೆ ಯುನಾಳ ದನಿ ಬಂತು: “ಚಿಕ್ಕಮ್ಮಾ, ನಾಳೆ ಮಧ್ಯಾಹ್ನದ ಮೇಲೆ ನೀರು ಬರುತ್ತೆ. ಈ ಸಲ ಜೋರು.”

ಬೆಳಿಗ್ಗೆ ಸೆಂಗ್ಲಾ ಊರಿನವರಿಗೆ ಮೊಣಕಾಲು ತೋರಿಸಿದಳು. ಹೆಂಗಸರು ಗೊಣಗಿದರೂ ಬುಟ್ಟಿ ಇಳಿಸಿದರು. ಆಮೇಲೆ ಬುನ್ಮಾಳಿಗೆ ಫೋನು ಮಾಡಿದಳು.

“ಇವತ್ತು ಬೇಡ ಕಣೇ. ನಾಳೆಗೆ ಇಟ್ಕೊಳ್ಳೋಣ.”

“ಎಡೆ ದಿನ ನಾಳೆಗೆ ಇಟ್ಕೊಳ್ಳೋಕೆ ಅದೇನು ಹಲ್ಲು ಕೀಳಿಸೋ ದಿನವಾ? ಅನ್ನ ಬೇಯಿಸಿ ಆಗಿದೆ, ಕೋಳಿ ಸತ್ತಿದೆ. ಏನಾಯ್ತು ನಿಂಗೆ?”

“ಏನಿಲ್ಲ. ಸುಮ್ನೆ. ಯಾಕೋ ಮನಸ್ಸಿಲ್ಲ.”

“ಮನಸ್ಸಿಲ್ವಂತೆ. ಮದುವೆ ದಿನಾನೂ ಹೀಗೇ ಅಂದಿದ್ದೆ. ನಿಧಾನವಾಗಿ ಬಾ ಮಾರಾಯ್ತಿ, ನಾವು ಕಾಯ್ತಿರ್ತೀವಿ.”

ಇಲ್ಲಿ ಒಂದು ಮಾತು ಸಾಕಿತ್ತು. ನೀರು ಬರುತ್ತೆ, ಹೇಗೆ ಗೊತ್ತು ಅಂತ ಕೇಳಬೇಡ, ಇಷ್ಟು. ಸೆಂಗ್ಲಾ ಫೋನನ್ನು ಕಿವಿಗೊತ್ತಿಕೊಂಡು ನಿಂತಳು. ಇಷ್ಟು ದಿನದ ಸುಳ್ಳುಗಳೆಲ್ಲ ಬಾಯಿಗೆ ಅಡ್ಡ ನಿಂತವು. ನೀರು ಬರುವುದು ಮಧ್ಯಾಹ್ನದ ಮೇಲಲ್ಲವೇ, ನಾವು ಹೋಗದಿದ್ದರೆ ಬೇಸತ್ತು ಅಷ್ಟರಲ್ಲಿ ಎದ್ದು ಹೋಗುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. “ಆಯ್ತು, ನೋಡ್ತೀನಿ” ಎಂದು ಫೋನು ಇಟ್ಟಳು.

ಅವರು ಎದ್ದು ಹೋಗಲಿಲ್ಲ. ಹೇಗೆ ಹೋದಾರು? ಎಡೆಯ ದಿನ ಎದುರು ದಡದವರು ಬರುವ ತನಕ ಕಾಯಬೇಕು ಎಂಬುದು ಅವರ ಅಜ್ಜಿಯರ ಕಾಲದ ಕಟ್ಟಳೆ, ಮತ್ತು ಸೆಂಗ್ಲಾ ನೋಡ್ತೀನಿ ಅಂದಿದ್ದಾಳೆ. ಬಿಸಿಲು ನೆತ್ತಿಗೆ ಬಂತು. ಸೆಂಗ್ಲಾ ಮನೆಯ ಹಿಂದಿನ ಬಿದಿರು ಮೆಳೆಯ ಮರೆಯಲ್ಲಿ ನಿಂತು ನೋಡುತ್ತಿದ್ದಳು. ದಿಣ್ಣೆಯ ಮೇಲೆ ಬಣ್ಣಬಣ್ಣದ ಛತ್ರಿಗಳು. ಒಂದೆರಡು ಸಲ ಬುನ್ಮಾ ಎದ್ದು ನಿಂತು, ಹಣೆಗೆ ಕೈ ಅಡ್ಡ ಹಿಡಿದು ಈ ದಡದ ಕಡೆ ನೋಡಿದಳು. ಫೋನು ಬಡಿದುಕೊಂಡಿತು, ಸೆಂಗ್ಲಾ ಎತ್ತಲಿಲ್ಲ. ಕೊನೆಗೆ ತಡೆಯಲಾರದೆ ಗಂಡನ ಹತ್ತಿರ ಓಡಿದಳು. “ದೋಣಿ ತಗೀರಿ. ಎಲ್ಲಾರ ದೋಣೀನೂ ತಗೀರಿ, ನೀರು ಬರುತ್ತೆ.” ಮೂನ್ತಾ ಯಾಕೆ ಎಂದು ಕೇಳಲಿಲ್ಲ. ಅವನು ಕೇಳುವವನೇ ಅಲ್ಲ. ಅವನು ಹುಟ್ಟು ಎತ್ತುವಷ್ಟರಲ್ಲಿ ಹೊಳೆಯ ಮೇಲುಭಾಗದಿಂದ ಸದ್ದು ಕೇಳಿಸಿತು.

ಯಾರೂ ಸಾಯಲಿಲ್ಲ. ಅದೊಂದು ಪುಣ್ಯ. ನಮ್ಮ ಗಂಡಸರು ಸುಳಿಯ ನಡುವೆ ದೋಣಿ ನುಗ್ಗಿಸಿ, ಎತ್ತರದ ಬಂಡೆಗೆ ಅಂಟಿಕೊಂಡಿದ್ದವರನ್ನು ಒಬ್ಬೊಬ್ಬರಾಗಿ ಎಳೆದುಕೊಂಡರು. ದೊನ್‌ಫೈಯವರ ದೋಣಿಗಳು ಹೋದವು, ಎಡೆ ಹೋಯಿತು. ಎಲ್ಲರನ್ನೂ ಹತ್ತಿಸಿ ಕೊನೆಗೆ ಇಳಿದ ಬುನ್ಮಾಳ ಪಾದ ದೋಣಿಗೂ ಬಂಡೆಗೂ ನಡುವೆ ಸಿಕ್ಕಿ ಜಜ್ಜಿಹೋಯಿತು.

ಅವಳನ್ನು ಸೆಂಗ್ಲಾಳ ಮನೆಗೇ ಹೊತ್ತು ತಂದರು. ಸೆಂಗ್ಲಾ ತನ್ನ ಲಂಗವನ್ನೇ ಅವಳಿಗೆ ಸುತ್ತಿ, ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಕಾಲು ಒರೆಸುತ್ತಿದ್ದಳು. ಬುನ್ಮಾ ನೋವಿನಲ್ಲೂ ಅವಳ ಮುಖವನ್ನೇ ನೋಡಿ, “ನೀನು ಫೋನು ಎತ್ಲಿಲ್ವಲ್ಲ. ನಿಂಗೇ ಏನೋ ಆಗಿದೆ ಅಂತ ಹೆದರಿಬಿಟ್ಟಿದ್ದೆ ಕಣೇ” ಅಂದಳು.

ಅಷ್ಟರಲ್ಲಿ ಪಿಂಪಾ ಬಂದಳು. ಅವಳಿಗೆ ತಾನು ಏನು ಹೇಳುತ್ತಿದ್ದೇನೆಂದು ಯಾವತ್ತು ಗೊತ್ತಿತ್ತು? “ನೋಡಿದ್ರಾ, ಇವತ್ತೂ ನಮ್ಮ ಸೆಂಗ್ಲಕ್ಕನ ಮೊಣಕಾಲು ಹೇಳಿತ್ತು. ಹೋದ ವರ್ಷದಿಂದ ಒಂದು ಸಲಾನೂ ತಪ್ಪಿಲ್ಲ. ಅದಕ್ಕೇ ನಾವು ಇಳೀಲಿಲ್ಲ, ಉಳ್ಕೊಂಡ್ವಿ.”

“ಮೊಣಕಾಲಾ?” ಬುನ್ಮಾ ಅಂದಳು. ಸೆಂಗ್ಲಾಳ ಮೊಣಕಾಲನ್ನು ನೋಡಿದಳು. ಆಮೇಲೆ ಕಣ್ಣನ್ನು ನೋಡಿದಳು. “ಯಾರೇ ಹೇಳ್ತಿದ್ದಿದ್ದು ನಿಂಗೆ?”

ಸೆಂಗ್ಲಾ ಹೇಳಿದಳು. ಎಲ್ಲ ಹೇಳಿದಳು. ಕುರ್ಚಿ, ಹೆಸರಿನ ಹಲಗೆ, ಯುನಾ, ಹೂಂ ಅಂದದ್ದು. ಮನೆ ತುಂಬ ಇದ್ದ ಜನರ ಮುಂದೆಯೇ ಹೇಳಿದಳು. ಅವಳು ಅತ್ತಳು, ಬುನ್ಮಾ ಅಳಲಿಲ್ಲ.

“ಯಾರು ಹೇಳಿದ್ರು ಅಂತ ನಂಗೆ ಬೇಕಿರ್ಲಿಲ್ಲ,” ಬುನ್ಮಾ ಅಂದಳು. “ಬರಬೇಡ, ಕಾರಣ ಕೇಳಬೇಡ ಅಂದಿದ್ರೆ ಸಾಕಿತ್ತು. ನಾನು ಯಾವತ್ತಾದ್ರೂ ನಿನ್ನ ಕಾರಣ ಕೇಳಿದ್ದೀನಾ?” ಆಮೇಲೆ ಮೂನ್ತಾನ ಕಡೆ ತಿರುಗಿ, “ಭಾವ, ನನ್ನನ್ನ ಆ ದಡಕ್ಕೆ ಬಿಡ್ತೀರಾ?” ಎಂದಳು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಸೆಂಗ್ಲಾ ಆನೆಯೊಂದನ್ನು ಬಿಟ್ಟು ಎಲ್ಲ ಕಳಿಸಿದಳು. ನಾಟಿ ವೈದ್ಯನನ್ನು ಕಳಿಸಿದಳು, ಕಾಡುಜೇನು ಕಳಿಸಿದಳು, ತಾನೇ ಹೋಗಿ ಅಂಗಳದಲ್ಲಿ ನಿಂತಳು. ಬುನ್ಮಾ ಬಾ ಅಂದಳು, ಚಾಪೆ ಹಾಸಿದಳು, ನೀರು ಕೊಟ್ಟಳು. ನೆಂಟರಿಗೆ ಮಾಡುವಷ್ಟೂ ಮಾಡಿದಳು. ಬೈದಿದ್ದರೆ ಸೆಂಗ್ಲಾ ಬದುಕಿಕೊಳ್ಳುತ್ತಿದ್ದಳು. ಯುನಾಳ ಮೇಲೆ ಸಿಟ್ಟು ತೀರಿಸಿಕೊಳ್ಳೋಣವೆಂದರೆ ಅದಕ್ಕೂ ದಾರಿಯಿಲ್ಲ. ಅವಳು ಹೇಳಿದ ಮಾತು ನಡೆಸಿಕೊಟ್ಟಿದ್ದಳು, ಒಂದು ಸಲವೂ ಸುಳ್ಳಾಡಿರಲಿಲ್ಲ. ಸುಳ್ಳೆಲ್ಲ ನಮ್ಮ ಕಡೆಯದೇ.

ಮಳೆಗಾಲ ಕಳೆಯುವಷ್ಟರಲ್ಲಿ ಆ ದಡಕ್ಕೂ ಒಂದು ತಂಡ ಹೋಯಿತೆಂದು ಸುದ್ದಿ ಬಂತು. ದೊನ್‌ಫೈಗೆ ಹೊಸ ದೋಣಿಗಳು ಬಂದವು. ಅವರ ಫೋನಿಗೂ ಯುನಾಳ ದನಿ ಬರತೊಡಗಿತು. ಆ ಚಳಿಗಾಲದಲ್ಲಿ ನೀರು ಏರುವ ಹಿಂದಿನ ದಿನ ಎರಡೂ ದಡದ ಫೋನುಗಳು ಒಟ್ಟಿಗೆ ಸದ್ದು ಮಾಡುತ್ತಿದ್ದವು, ಎರಡೂ ದಡದ ಹೆಂಗಸರು ಮನೆಯಲ್ಲಿ ಉಳಿಯುತ್ತಿದ್ದರು. ಯಾರಿಗೂ ಅಪಾಯವಿರಲಿಲ್ಲ. ಯಾರೂ ಯಾರಿಗೂ ಫೋನು ಮಾಡಬೇಕಾಗಿರಲಿಲ್ಲ. ಸೆಂಗ್ಲಾ ಫೋನನ್ನು ಪಿಂಪಾಳ ಕೈಗೆ ಕೊಟ್ಟು, “ಇನ್ಮೇಲೆ ನೀನೇ ಕೇಳಿಸ್ಕೋ” ಅಂದಳು.

ಆಮೇಲೆ ಬಂಡೆಯ ಮಾತು ಮತ್ತೆ ಎದ್ದಿತು. ಈ ಸಲ ದಿಣ್ಣೆಯ ಮೇಲಲ್ಲ, ಎರಡೂ ದಡದಲ್ಲಿ ಬೇರೆ ಬೇರೆ ಸಭೆ ಎಂದರು. ಸಭೆಯ ಹಿಂದಿನ ದಿನ ಸೆಂಗ್ಲಾ ದೋಣಿಯಲ್ಲಿ ಆ ದಡಕ್ಕೆ ಹೋದಳು.

ಬುನ್ಮಾ ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದಳು, ಪಕ್ಕದಲ್ಲಿ ಊರುಗೋಲು. ಸೆಂಗ್ಲಾ ಕೂರಲೂ ಇಲ್ಲ. “ನನ್ನನ್ನ ಕ್ಷಮಿಸು ಅಂತ ಕೇಳೋಕೆ ಬಂದಿಲ್ಲ. ನಾಳೆ ಒಂದು ದಿನ ಒಟ್ಟಿಗೆ ಬೇಡ ಅನ್ನೋಣ. ಆಮೇಲೆ ಸಾಯೋ ತನಕ ನನ್ನ ಮುಖ ನೋಡಬೇಡ.”

ಬುನ್ಮಾ ಬಲೆಯ ಗಂಟು ಬಿಗಿದಳು. “ನಮ್ಮ ಸಭೆ ಹೋದ ತಿಂಗಳೇ ಆಯ್ತು ಸೆಂಗ್ಲಾ.”

“ಏನಂದ್ರಿ?”

“ನಮ್ಮ ದಡಕ್ಕೆ ಏನು ಬೇಕು ಅಂತ ಕೇಳಿದ್ರು. ಹೇಳಿದ್ವಿ. ಕಲ್ಲಿನ ವಿಷಯದಲ್ಲಿ ನಮ್ಮದೇನೂ ತಕರಾರಿಲ್ಲ ಅಂದ್ವಿ.” ಅವಳು ತಲೆ ಎತ್ತಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಅದಕ್ಕಿಂತ ದಣಿದ ಏನೋ ಇತ್ತು. “ಆವತ್ತು ನಿಂಗೆ ಹೇಳಿ ಕಳಿಸೋಣ ಅಂತ ಕುಂಟ್ಕೊಂಡು ದೋಣಿ ತನಕ ಬಂದಿದ್ದೆ. ಅಲ್ಲಿ ನಿಂತಾಗ, ಇವಳು ನಂಗೆ ಹೇಳಿದ್ಲಾ ಅಂತ ಮನಸ್ಸಿಗೆ ಬಂತು. ವಾಪಸ್ ಹೋದೆ.”

ಮೈಕಿನ ಮುಂದೆ ಹೆದರದವಳು, ತನ್ನ ಸಿಯಾವ್‌ಳ ಅಂಗಳದಿಂದ ತಲೆ ತಗ್ಗಿಸಿ ದೋಣಿಯ ಕಡೆ ತಿರುಗಿದಳು. ಬುನ್ಮಾ ಊಟ ಮಾಡಿಕೊಂಡು ಹೋಗು ಅಂದಳು. ಉಂಡಳೋ ಇಲ್ಲವೋ ಅವಳಿಗೇ ನೆನಪಿಲ್ಲ.

ಮಾರನೆಯ ದಿನ ಹಾತ್‌ತೂಮ್ ದೇವಾಲಯದ ಚಾವಡಿಯಲ್ಲಿ ಸಭೆ ಸೇರಿತು. ಚೀನಾದವರ ಕುರ್ಚಿಗಳ ಸಾಲಿನಲ್ಲಿ ಯುನಾ ಕೂತಿದ್ದಳು. ನಮ್ಮ ಅಧಿಕಾರಿ, “ಎದುರು ದಡದವರ ಒಪ್ಪಿಗೆ ಬಂದಿದೆ. ನೀವೇನು ಹೇಳ್ತೀರಿ?” ಎಂದು ಕೇಳಿದ. ಹೆಂಗಸರೆಲ್ಲ ಸೆಂಗ್ಲಾಳ ಕಡೆ ನೋಡಿದರು. ಹಳೆಯ ಉತ್ತರ ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಯಾರ ಜೊತೆ ನಿಂತು ಹೇಳುವುದು? ಅವಳು ಎದ್ದು ನಿಂತು, “ನಮ್ಮ ದಡಕ್ಕೆ ಬೇಡ. ಬಂಡೆ ಇರಲಿ” ಎಂದಳು. ದನಿ ಗಟ್ಟಿಯಾಗಿಯೇ ಇತ್ತು. ಗುಮಾಸ್ತ ಬರೆದುಕೊಂಡ. ಒಂದು ದಡ ಬೇಕು, ಒಂದು ದಡ ಬೇಡ. ಹಾಗಾದರೆ ತೀರ್ಮಾನ ಮೇಲಿನವರು ಮಾಡುತ್ತಾರೆ ಎಂದು ಅಧಿಕಾರಿ ಹೇಳಿದ, ಚಹಾ ಬಂತು.

ಜನ ಚದುರುವಾಗ ಯುನಾ ಬಂದು ಸೆಂಗ್ಲಾಳ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನಿಜವಾದ ಅಕ್ಕರೆ ಇತ್ತು, ಅದನ್ನು ಸುಳ್ಳು ಅನ್ನಲಾರೆವು.

“ನಿಮಗೆ ಬೇಡ ಅನ್ನಿಸಿದ್ದನ್ನ ಬೇಡ ಅಂದ್ರಿ, ನಂಗೇನೂ ಬೇಜಾರಿಲ್ಲ ಚಿಕ್ಕಮ್ಮಾ,” ಅಂದಳು. “ಎಷ್ಟು ಚೆನ್ನಾಗಿ ಹೇಳಿದ್ರಿ, ನಿಮ್ಮ ದಡದ ಮಾತು ನೀವು. ಎಲ್ರೂ ಹೀಗೇ ಅವರವರದ್ದು ಅವರು ಹೇಳ್ಕೊಂಡ್ರೆ ನಮಗೂ ಎಷ್ಟು ಸುಲಭ.”